ಮರಳೂರಿನ ಅಕ್ಕ

ಕಳೆದ ತಿಂಗಳು ನಮ್ಮ ಆಸ್ಪತ್ರೆಯ ನರ್ಸು, ನಾನು ಅಕ್ಕ ಎನ್ನುವವರು, ಕೆಲಸದಿಂದ ನಿವೃತ್ತರಾದರು. ಬೀಳ್ಕೊಡುಗೆ ಎಂದು ಹೇಳುವಂಥದ್ದೇನೂ ನಡೆಯಲಿಲ್ಲ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಒಂದು ಕ್ಯಾರೆಟ್ ಕೇಕು, ಎಲ್ಲರೂ ಸಹಿ ಹಾಕಿದ ಒಂದು ಕಾರ್ಡು, ಡಬ್ಲಿನ್ ಬಳಿಯ ಟಾಲಾದಲ್ಲಿರುವ ಮಗಳ ಮನೆಗೆ ಬಸ್ಸಿನಲ್ಲಿ ಒಯ್ಯಬಹುದಾದಷ್ಟು ಸಣ್ಣ ಹೂಕುಂಡ. ಮ್ಯಾನೇಜರು ಎರಡು ಮಾತಾಡಿದರು. ಅಕ್ಕ ಕೇಕನ್ನು ತಾವೇ ಕತ್ತರಿಸಿ ಎಲ್ಲರಿಗೂ ಹಂಚಿದರು. ಮೂರನೇ ಕುರ್ಚಿಯ ಡಯಾಲಿಸಿಸ್ ಯಂತ್ರ ಕೂಗುತ್ತಿದೆ ಎಂದು, ತಮ್ಮ ಪಾಲಿನ ತುಂಡನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಕಾರ್ಡಿನಲ್ಲಿ ನಾನು "ನಿಮ್ಮಿಂದ ಬಹಳ ಕಲಿತೆ" ಎಂದು ಬರೆದಿದ್ದೆ. ಅದು ಸುಳ್ಳಲ್ಲ. ಆದರೆ ನಾನು ಅವರಿಗೆ ಬರೆಯಬೇಕಾಗಿದ್ದ ಮಾತು ಬೇರೆ ಇತ್ತು.

ನಾನು ಮೂತ್ರಪಿಂಡದ ವಿಭಾಗದ ಡಾಕ್ಟರು. ಹಾಸನದಲ್ಲಿ ಓದಿ, ಪರೀಕ್ಷೆಗಳನ್ನು ಬರೆದು, ಐರ್ಲೆಂಡಿಗೆ ಬಂದು ಆರು ತಿಂಗಳಿಗೊಮ್ಮೆ ಊರು ಬದಲಾಯಿಸುತ್ತ ಅಲೆದವಳು. ಹಾಗೆ ಅಲೆಯುತ್ತ ಸೇರಿದ್ದು ಡ್ರೋಹೆಡಾದಿಂದ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚು ದೂರದ, ಒಂದೇ ಮುಖ್ಯ ಬೀದಿಯ ಊರೊಂದರ ಡಯಾಲಿಸಿಸ್ ಘಟಕಕ್ಕೆ. ಹನ್ನೆರಡು ಕುರ್ಚಿ, ಹನ್ನೆರಡು ಯಂತ್ರ. ಮೂತ್ರಪಿಂಡ ಸೋತವರು ವಾರಕ್ಕೆ ಮೂರು ದಿನ ಬಂದು ತಲಾ ನಾಲ್ಕು ಗಂಟೆ ಅಲ್ಲಿ ಕೂರುತ್ತಾರೆ. ರಕ್ತ ಯಂತ್ರಕ್ಕೆ ಹೋಗಿ ಶುದ್ಧವಾಗಿ ಮರಳಿ ಬರುತ್ತದೆ. ಮತ್ತೇನೂ ನಡೆಯುವುದಿಲ್ಲ. ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ, ಅದರ ಮೇಲೆ ಮಳೆ.

ಮೊದಲ ದಿನ ಅಕ್ಕ ನನ್ನ ಕೊರಳಿನ ಬ್ಯಾಡ್ಜು ಹಿಡಿದು ಹೆಸರು ಓದಿ, "ನಮ್ಮ ಕಡೆಯವ್ಳಾ? ಊಟ ತಂದಿದೀಯಾ?" ಎಂದು ಕೇಳಿದರು. ತಂದಿರಲಿಲ್ಲ. ಅವರ ಡಬ್ಬಿಯ ನಿಂಬೆಹಣ್ಣಿನ ಚಿತ್ರಾನ್ನದಲ್ಲಿ ಅರ್ಧ ನನಗೆ ಬಂತು. ರೋಗಿಗಳೆದುರು ನಾನು "ಡಾಕ್ಟ್ರೇ, ನೀವು". ಇಬ್ಬರೇ ಇದ್ದಾಗ "ಏನೇ, ನೀನು".

ಅಕ್ಕ ಚಿಂತಾಮಣಿ ಕಡೆಯವರು. ಬೆಂಗಳೂರಿನಲ್ಲಿ ನರ್ಸಿಂಗ್ ಕಲಿತು, ಮದುವೆಯಾದ ವರ್ಷವೇ ಗಂಡನ ಜೊತೆ ಒಮಾನಿಗೆ ಹೋದವರು. ಮಸ್ಕತ್ತಿಗಲ್ಲ, ಅಲ್ಲಿಂದ ಅರ್ಧ ದಿನ ಒಳನಾಡಿಗೆ ಹೋದರೆ ಸಿಗುವ, ಮರಳಿನ ನಡುವಿನ ಒಂದು ಸಣ್ಣ ಊರಿಗೆ. ಒಂದು ಸರ್ಕಾರಿ ಆರೋಗ್ಯ ಕೇಂದ್ರ, ಒಂದು ಶಾಲೆ, ಒಂದು ಪೆಟ್ರೋಲ್ ಬಂಕು, ಒಂದು ಮಸೀದಿ, ಒಂದೇ ಅಂಗಡಿ. ಅಲ್ಲಿ ಹತ್ತೊಂಬತ್ತು ವರ್ಷ ಇದ್ದರು. ಮಗಳು ಬೆಳೆದದ್ದು ಅಲ್ಲಿ. ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ತೀರಿಕೊಂಡದ್ದೂ ಅಲ್ಲೇ. ಆಮೇಲೆ ಸರ್ಕಾರ ಆ ಕೆಲಸಗಳನ್ನು ತನ್ನ ಜನರಿಗೇ ಕೊಡಲು ಶುರುಮಾಡಿತು. ತಮ್ಮ ಜಾಗಕ್ಕೆ ಬಂದ ಹುಡುಗಿಗೆ ಅಕ್ಕನೇ ಕೆಲಸ ಕಲಿಸಿ ಹೊರಟರು. ಐವತ್ತರ ಹತ್ತಿರದಲ್ಲಿ ಮತ್ತೆ ಪರೀಕ್ಷೆ ಬರೆದು ಐರ್ಲೆಂಡಿಗೆ ಬಂದರು.

ಇದನ್ನೆಲ್ಲ ಅವರು ಒಮ್ಮೆಗೇ ಕೂತು ಹೇಳಿದ್ದಲ್ಲ. ಕೂತು ಮಾತಾಡಿದ್ದನ್ನೇ ನಾನು ಹೆಚ್ಚು ನೋಡಿಲ್ಲ. ರೋಗಿಯ ತೋಳಿಗೆ ಸೂಜಿ ಹಾಕುತ್ತ, ಟೇಪು ಅಂಟಿಸುತ್ತ, ಪರದೆಯ ಮೇಲಿನ ಅಂಕಿ ಬರೆದುಕೊಳ್ಳುತ್ತ ಹೇಳುತ್ತಿದ್ದರು. ಬಿಸಿಲಿಗೆ ಕಾದಿದೆಯೇನೋ ಎಂಬಂತೆ, ರೋಗಿ ಕೂರುವ ಮುಂಚೆ ಕುರ್ಚಿಯ ಕೈಯನ್ನು ಬೆರಳ ಹಿಂಭಾಗದಿಂದ ಮುಟ್ಟಿ ನೋಡುವುದು ಅವರ ಅಭ್ಯಾಸ. ಅಲ್ಲಿ ಹಾಗೆ ನೋಡದೆ ಕೂತರೆ ಚರ್ಮ ಸುಡುತ್ತಿತ್ತಂತೆ. ಇಲ್ಲಿನ ಕುರ್ಚಿಗಳು ವರ್ಷವಿಡೀ ತಣ್ಣಗೇ ಇರುತ್ತಿದ್ದವು.

ಕತೆಗಳು ಶುರುವಾದದ್ದು ಬಾಯಾರಿಕೆಯಿಂದ. ಡಯಾಲಿಸಿಸ್‌ನವರಿಗೆ ನೀರು ಅಳತೆಯದು. ದಿನಕ್ಕೆ ಇಷ್ಟು ಕಪ್ಪು, ಅದರಲ್ಲಿ ಚಹಾನೂ ಸೇರಿತು, ಸೂಪೂ ಸೇರಿತು. ಹೊರಗೆ ಇಡೀ ದೇಶ ತೊಯ್ದು ತೊಟ್ಟಿಕ್ಕುತ್ತಿರುವಾಗ ಒಳಗೆ ಹನ್ನೆರಡು ಜನ ಒಣಗಿದ ನಾಲಿಗೆ ಇಟ್ಟುಕೊಂಡು ಕೂತಿರುತ್ತಾರೆ. ನಾವು ಡಾಕ್ಟರುಗಳು "ಕಡಿಮೆ ಕುಡೀರಿ" ಎಂದು ಹೇಳಿ ಮುಂದಿನ ಕುರ್ಚಿಗೆ ಹೋಗುತ್ತೇವೆ. ಅಕ್ಕ ನಿಲ್ಲುತ್ತಿದ್ದರು. "ನುಂಗ್ಬೇಡಿ. ಬಾಯಿ ಮುಕ್ಕಳಿಸಿ ಉಗೀರಿ. ಆಮೇಲೆ ಒಂದು ಏಲಕ್ಕಿ ಬಾಯಲ್ಲಿಟ್ಕೊಳಿ, ಕಚ್ಬೇಡಿ. ನಮ್ಮೂರಲ್ಲಿ ಟ್ಯಾಂಕರ್ ಬರೋದು ತಡ ಆದ್ರೆ ಎಲ್ರೂ ಹಂಗೇ ಮಾಡ್ತಿದ್ರು." ನಮ್ಮೂರು ಎಂದರೆ ಚಿಂತಾಮಣಿಯಲ್ಲ ಎಂಬುದು ನನಗೆ ಅರ್ಥವಾಗಲು ಕೆಲವು ದಿನ ಹಿಡಿಯಿತು.

ಅವರನ್ನು ಹೆಚ್ಚು ಕೆಣಕಿ ಕೇಳುತ್ತಿದ್ದವನು ಏಳನೇ ಕುರ್ಚಿಯ ಡೊನಲ್. ಎಂಬತ್ತು ದಾಟಿದ ರೈತ. ಹುಲ್ಲುಗಾವಲನ್ನು ಪಕ್ಕದವರಿಗೆ ಗೇಣಿಗೆ ಕೊಟ್ಟು, ಒಂದು ನಾಯಿಯನ್ನು ಮಾತ್ರ ಇಟ್ಟುಕೊಂಡಿದ್ದ. ಹೆಂಡತಿ ಇಲ್ಲ. ಒಬ್ಬಳೇ ಮಗಳು, ಅವಳೂ ದಕ್ಷಿಣದ ಬ್ಯಾಲಿನ್‌ಕೊಲಿಗ್‌ನಲ್ಲಿ. ವಾರಕ್ಕೊಮ್ಮೆ ದೇಶದ ಅರ್ಧ ಉದ್ದ ಕಾರು ಓಡಿಸಿಕೊಂಡು ಬಂದು ಅಪ್ಪನ ಫ್ರಿಜ್ ತುಂಬಿಸಿ ಹೋಗುತ್ತಿದ್ದಳು. ಡೊನಲ್‌ಗೆ ಹೃದಯವೂ ಸೋಲುತ್ತಿತ್ತು. ನಾಲ್ಕು ಗಂಟೆ ಯಂತ್ರದಲ್ಲಿ ಕೂತು ಮನೆಗೆ ಹೋದರೆ ಮರುದಿನವೆಲ್ಲ ಮಲಗಿ, ಅದರ ಮರುದಿನ ಮತ್ತೆ ಟ್ಯಾಕ್ಸಿ ಹತ್ತುತ್ತಿದ್ದ. ಹೇಗಿದ್ದೀರಿ ಎಂದರೆ "ಗ್ರ್ಯಾಂಡ್" ಎನ್ನುತ್ತಿದ್ದ. ಚೆನ್ನಾಗಿದ್ದೇನೆ ಎನ್ನಲು ಇಲ್ಲಿ ಎಲ್ಲರೂ ಹೇಳುವ ಉತ್ತರ ಅದು. ಅಕ್ಕನ ಮೊಮ್ಮಗಳೂ ಕನ್ನಡದಲ್ಲಿ ಏನು ಕೇಳಿದರೂ ಅದನ್ನೇ ಹೇಳುತ್ತಾಳಂತೆ.

"ಅಂಥಾ ಜಾಗದಲ್ಲಿ ಇರೋ ಜನ, ಅದರ ಬಗ್ಗೆ ಏನಂತಿದ್ರು?" ಎಂದು ಡೊನಲ್ ಒಂದು ದಿನ ಕೇಳಿದ. ಊರು ಹೇಗಿತ್ತು ಎಂದಲ್ಲ, ಜನ ಏನನ್ನುತ್ತಿದ್ದರು ಎಂದು. ಅಕ್ಕನಿಗೆ ಆ ಪ್ರಶ್ನೆ ಹಿಡಿಸಿತು. ಅಲ್ಲಿದ್ದಾಗ ಅವರೂ ಬಂದ ರೋಗಿಗಳನ್ನೆಲ್ಲ ಅದನ್ನೇ ಕೇಳುತ್ತಿದ್ದರಂತೆ. ರಕ್ತದೊತ್ತಡ ನೋಡುವಾಗ ಏನಾದರೂ ಕೇಳಬೇಕಲ್ಲ ಎಂದು ಶುರುವಾದದ್ದು, ಬರಬರುತ್ತ ರೂಢಿಯಾಯಿತು.

ನೀರಿನ ಟ್ಯಾಂಕರು ಓಡಿಸುತ್ತಿದ್ದ ಪೇಶಾವರದವನು ಅದರಷ್ಟು ಒಳ್ಳೆಯ ಊರು ಇಲ್ಲ ಎನ್ನುತ್ತಿದ್ದ. "ನನ್ನ ಊರಲ್ಲಿ ನಾನು ಬಂದ್ರೆ ಯಾರೂ ತಿರುಗಿ ನೋಡಲ್ಲ. ಇಲ್ಲಿ ನನ್ನ ಗಾಡಿ ಸದ್ದು ಕೇಳಿದ್ರೆ ಮಕ್ಕಳು ಓಡಿ ಬರ್ತಾವೆ." ಅಂಗಡಿಯ ಮಲಯಾಳಿಗೆ ಬೇರೆಯೇ ಸಂಕಟ. ರಜೆಗೆ ಮನೆಗೆ ಹೋದಾಗ ದುಬೈಯವರ ಫೋಟೋಗಳನ್ನು ಎಲ್ಲರೂ ಮುಗಿಬಿದ್ದು ನೋಡುತ್ತಾರೆ, ತನ್ನ ಫೋಟೋಗಳಲ್ಲಿ ಮರಳು ಬಿಟ್ಟು ಏನೂ ಇಲ್ಲ, ಯಾರೂ ಕೇಳುವುದೂ ಇಲ್ಲ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ ಈಜಿಪ್ಟಿನ ಮೇಷ್ಟ್ರು ಪ್ರತಿ ವರ್ಷವೂ "ಇದೇ ಕೊನೇ ವರ್ಷ ಸಿಸ್ಟರ್" ಎನ್ನುತ್ತಲೇ ಹದಿನಾಲ್ಕು ವರ್ಷ ಕಳೆದಿದ್ದರು. ಮಂಡಿನೋವಿಗೆ ಬರುತ್ತಿದ್ದ ಬದೂ ಎಂಬ ಅಲೆಮಾರಿ ಬುಡಕಟ್ಟಿನ ಒಬ್ಬ ಮುದುಕಿ ಇದ್ದಳು. ಹುಟ್ಟಿನಿಂದ ಒಂಟೆಗಳ ಹಿಂದೆ ಓಡಾಡಿದ ಜನ. ಸರ್ಕಾರ ಸಿಮೆಂಟಿನ ಮನೆ ಕಟ್ಟಿಸಿಕೊಟ್ಟರೆ, ಅದರ ಹಿಂದೆ ಗುಡಾರ ಹಾಕಿಕೊಂಡು ಅಲ್ಲೇ ಮಲಗುತ್ತಿದ್ದಳು. ಅವಳ ದೂರು ಒಂದೇ: "ಈ ಊರಲ್ಲಿ ಜನ ಜಾಸ್ತಿ. ಎತ್ತ ನೋಡಿದ್ರೂ ಯಾರದೋ ಗೋಡೆ."

ಇದಕ್ಕೆ ಡೊನಲ್ ಎಷ್ಟು ನಕ್ಕನೆಂದರೆ ಯಂತ್ರ ಕೂಗಿಕೊಂಡಿತು. "ನಮ್ಮತ್ತೆ ಹೀಗೇ ಇದ್ಲು," ಎಂದ.

ನನಗೆ ನೆನಪಿರುವುದು ಮಾತ್ರ ಅಕ್ಕ ಕೆಲಸ ಕಲಿಸಿದ ಆ ಹುಡುಗಿಯ ಮಾತು. ಹೊರಡುವ ವಾರ ಅಕ್ಕ ಅವಳನ್ನು, ನಿನಗೆ ಈ ಊರು ಇಷ್ಟವಾ ಎಂದು ಕೇಳಿದ್ದರು. ಅವಳು "ಇಷ್ಟ ಪಡೋದು ಬಿಡೋದು ಹೋಗೋರಿಗೆ ಸಿಸ್ಟರ್. ನಮಗಿದು ಊರು, ಅಷ್ಟೇ" ಎಂದಳಂತೆ. ಆಗ ನಾನು ಈ ಊರನ್ನು ದಿನಾ ಬಯ್ಯುತ್ತಿದ್ದೆ. ಒಂದು ತರಕಾರಿ ಸಿಗಲ್ಲ, ಆರು ಗಂಟೆಗೆ ಬೀದಿ ಸತ್ತು ಹೋಗುತ್ತೆ, ಡಬ್ಲಿನ್ನಿಗೆ ಸರಿಯಾದ ಬಸ್ಸಿಲ್ಲ. ಅಕ್ಕ ನನ್ನ ಮಾತು ಕೇಳಿ, "ಬಯ್ಯಿ, ಬಯ್ಯಿ. ಅಲ್ಲಿ ಎಲ್ರೂ ಬಿಸಿಲು ಬಯ್ಯೋರು, ಇಲ್ಲಿ ಎಲ್ರೂ ಮಳೆ ಬಯ್ತಾರೆ. ಹವಾಮಾನಕ್ಕೆ ಬೇಜಾರಾಗಲ್ಲ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದಿನ ಚಳಿಗಾಲ. ಗುರುವಾರ. ನಾನು ಎಂಟನೇ ಕುರ್ಚಿಯ ಪಕ್ಕ ನಿಂತು ಔಷಧದ ಚೀಟಿ ಬರೆಯುತ್ತಿದ್ದೆ. ಡೊನಲ್ ತುಂಬ ಸೋತಿದ್ದ. ಅಕ್ಕ ಅವನ ತೋಳಿನ ಸೂಜಿ ಸರಿಪಡಿಸುತ್ತಿದ್ದರು.

"ಆ ಗಣಿತದ ಮೇಷ್ಟ್ರು," ಎಂದ ಡೊನಲ್, "ಕೊನೆಗೆ ಹೋದ್ರಾ?"

"ಹೋದ್ರು."

"ಹೋಗೋ ಹೊತ್ತಾಯ್ತು ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ಅಕ್ಕ ಟೇಪನ್ನು ಹರಿದು ಅಂಟಿಸಿದರು. ಆಮೇಲೆ ಹೇಳಿದರು. ಮೇಷ್ಟ್ರು ದಿನಾ ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಕೊಂಡು ಶಾಲೆಗೆ ಹೋಗುವವರು. ಒಂದು ದಿನ ಇಸ್ತ್ರಿಪೆಟ್ಟಿಗೆ ಕಾಯಿಸಿ, ಅಂಗಿ ಹರಡಿ, ಹಾಗೇ ನಿಂತುಬಿಟ್ಟರು. ಸಿಟ್ಟಿಲ್ಲ, ದುಃಖವಿಲ್ಲ, ಇನ್ನೊಂದು ಅಂಗಿ ಇಸ್ತ್ರಿ ಮಾಡುವ ಮನಸ್ಸು ಮಾತ್ರ ಇಲ್ಲ. ಸ್ವಿಚ್ಚು ಆರಿಸಿ, ಹೆಡ್‌ಮಾಸ್ಟರಿಗೆ ಹೇಳಿ, ಆ ವಾರವೇ ಹೊರಟರು.

"ಅಷ್ಟೇನಾ?"

"ಅಷ್ಟೇ. ಆದ್ರೆ ಆ ಮುದುಕಿ ಇದ್ಲಲ್ಲ, ಅವಳದು ಬೇರೆ," ಎಂದು ಅಕ್ಕ ಮುಂದುವರಿಸಿದರು. ಮುದುಕಿಯ ಮಕ್ಕಳು ಕಡಲತೀರದ ಪಟ್ಟಣದಲ್ಲಿ ಮನೆ ಮಾಡಿ ಮೂರು ಸಲ ಕಾರು ಕಳಿಸಿದರು. ಮೂರು ಸಲವೂ ಅವಳು ಗಂಟು ಕಟ್ಟಿ, ಕಾರು ಹತ್ತಿ, ಊರಾಚೆಯ ಪೆಟ್ರೋಲ್ ಬಂಕಿನವರೆಗೆ ಹೋಗಿ, ಇಳಿದು, ನಡೆದು ವಾಪಸ್ ಬಂದಳು. ಯಾಕೆಂದರೆ, "ಹೋಗ್ಬೇಕು ಅನ್ಸುತ್ತಾ ಅಂತ ನೋಡಕ್ಕೆ ಅಲ್ಲೀತನಕ ಹೋದೆ. ಅನ್ನಿಸ್ಲಿಲ್ಲ" ಎಂದಳಂತೆ.

ಡೊನಲ್ ಕಣ್ಣು ಮುಚ್ಚಿಕೊಂಡ. ನಿದ್ದೆ ಹೋದನೆಂದು ನಾನು ಅಂದುಕೊಂಡೆ.

ಮುಂದಿನ ವಾರ ಅವನು ನಮ್ಮ ಕನ್ಸಲ್ಟೆಂಟ್‌ಗೆ ಡಯಾಲಿಸಿಸ್ ಸಾಕು, ನಿಲ್ಲಿಸುತ್ತೇನೆ ಎಂದ. ನಿಲ್ಲಿಸಿದರೆ ಒಂದೆರಡು ವಾರದಲ್ಲಿ ಸಾವು. ಅದು ಅವನಿಗೂ ಗೊತ್ತು. ಅವನ ಬುದ್ಧಿ ಸ್ವಸ್ಥವಾಗಿತ್ತು, ಹಕ್ಕೂ ಅವನದೇ. ಆದರೂ ಮಗಳ ಜೊತೆ ಮಾತಾಡಿ, ಎರಡು ವಾರ ಯೋಚಿಸಿ ಎಂದು ಹೇಳಿ ಕಳಿಸಿದರು. ಮಗಳು ಯಾಕೆ ಎಂದು ಅಪ್ಪನನ್ನು ಕೇಳಿದಾಗ ಅವನು ಇಸ್ತ್ರಿ ಮಾಡದ ಮೇಷ್ಟ್ರ ಕತೆ ಹೇಳಿದ. ಅವಳು ಬ್ಯಾಲಿನ್‌ಕೊಲಿಗ್‌ಗೆ ವಾಪಸ್ ಹೋಗಿ ದೂರು ಬರೆದಳು. ಒಬ್ಬ ನರ್ಸು ನನ್ನ ಅಪ್ಪನ ತಲೆಯಲ್ಲಿ ಸಾಯುವ ವಿಚಾರ ತುಂಬಿದ್ದಾಳೆ ಎಂದು.

ವಿಚಾರಣೆ ಮುಗಿಯುವವರೆಗೆ ಅಕ್ಕ ರೋಗಿಗಳ ಹತ್ತಿರ ಹೋಗುವಂತಿಲ್ಲ ಎಂದಾಯಿತು. ಅವರನ್ನು ಸಾಮಾನಿನ ಕೋಣೆಗೆ ಹಾಕಿದರು. ಟ್ಯೂಬಿನ ಪೆಟ್ಟಿಗೆ ಜೋಡಿಸುವುದು, ಅವಧಿ ಮುಗಿದದ್ದನ್ನು ಬೇರೆ ಮಾಡುವುದು.

ಅಲ್ಲಿಗೆ ಹೋಗಿ ನಾನು ಕೇಳಿದೆ, "ಅಕ್ಕಾ, ಅವರಿಗೆ ಅದನ್ನ ಹೇಳ್ಬಾರ್ದಿತ್ತೇನೋ ಅಲ್ವಾ?"

ಅವರು ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. "ಕೇಳಿದ್ರು, ಹೇಳ್ದೆ. ಎಂಬತ್ತು ವರ್ಷದೋರು ಕೇಳಿದ್ರೆ ಮಾತು ತಿರುಗಿಸ್ಲಾ? ನೀನು ಅಲ್ಲೇ ಇದ್ದೆಯಲ್ಲ. ಏನು ಹೇಳ್ದೆ ಅಂತ ನಿಂಗೂ ಗೊತ್ತು."

ಗೊತ್ತಿತ್ತು. ಎರಡು ದಿನದಲ್ಲಿ ನನ್ನ ಹೇಳಿಕೆಯನ್ನೂ ಕೇಳಿದರು. ಆ ತಿಂಗಳೇ ನಾನು ತಜ್ಞರ ತರಬೇತಿಗೆ ಅರ್ಜಿ ಹಾಕಿದ್ದೆ. ವರ್ಷಗಟ್ಟಲೆ ಕಾದ ಅವಕಾಶ. ಅದು ತಪ್ಪಿದರೆ ಮತ್ತೆ ಆರು ತಿಂಗಳಿಗೊಂದು ಊರು, ಮತ್ತೆ ಕೆಲಸದ ಪರ್ಮಿಟ್ಟಿನ ಚಿಂತೆ. ಒಂದು ದೂರಿನ ಕಡತದಲ್ಲಿ ನನ್ನ ಹೆಸರು ಯಾವ ಕಡೆ ಬೀಳುತ್ತದೋ ಎಂದು ಹೆದರಿದೆ. ಮೂರು ಸಲ ಬರೆದು ಅಳಿಸಿದೆ. ಕೊನೆಗೆ ಕೊಟ್ಟದ್ದು ಹೀಗಿತ್ತು: ಆ ಹೊತ್ತಿನಲ್ಲಿ ನಾನು ಹತ್ತಿರದಲ್ಲಿದ್ದೆ, ಆದರೆ ಇನ್ನೊಬ್ಬ ರೋಗಿಯ ಕೆಲಸದಲ್ಲಿ ತೊಡಗಿದ್ದರಿಂದ ಸಂಭಾಷಣೆ ನನಗೆ ಪೂರ್ತಿಯಾಗಿ ಕೇಳಿಸಲಿಲ್ಲ. ಅದರಲ್ಲಿ ಯಾರ ಮೇಲೂ ತಪ್ಪು ಹೊರಿಸಿರಲಿಲ್ಲ. ಡೊನಲ್ ಬಿಟ್ಟರೆ ಮುದುಕಿಯ ಕತೆಯನ್ನು ಕೇಳಿದ್ದು ನಾನೊಬ್ಬಳೇ, ಅದನ್ನೂ ಬರೆದಿರಲಿಲ್ಲ.

ಡೊನಲ್ ಮಾತ್ರ ಬಂದಾಗಲೆಲ್ಲ ಅಕ್ಕನನ್ನು ಹುಡುಕುತ್ತಿದ್ದ. "ಎಲ್ಲಿ ಅವರು?" ಎಂದರೆ ನಾನು "ಬೇರೆ ಡ್ಯೂಟಿ ಇದೆ" ಎನ್ನುತ್ತಿದ್ದೆ. ಎರಡನೇ ವಾರದ ಶನಿವಾರ ಅವನ ಜೊತೆ ಮಗಳೂ ಬಂದಿದ್ದಳು. ಐವತ್ತರ ಸಮೀಪದ ಹೆಂಗಸು, ಕಣ್ಣಿನ ಕೆಳಗೆ ಕಪ್ಪು. ಅವನು ಅವಳನ್ನೇ ಕೇಳಿದ. ಸುಳ್ಳು ಹೇಳುವ ಜನವಲ್ಲ ಅವರು. ತಾನೇ ದೂರು ಕೊಟ್ಟಿರುವುದಾಗಿ ಹೇಳಿದಳು. ನಾನು ಅವನ ರಕ್ತದೊತ್ತಡ ನೋಡುತ್ತಿದ್ದೆ. ಪಟ್ಟಿ ಇನ್ನೂ ಅವನ ತೋಳಿನಲ್ಲೇ ಇತ್ತು.

ಡೊನಲ್ ದನಿ ಏರಿಸಲಿಲ್ಲ. "ಕಳೆದ ಕ್ರಿಸ್‌ಮಸ್‌ನಿಂದ ನಾನೇ ನನ್ನನ್ನ ಇದೇ ಪ್ರಶ್ನೆ ಕೇಳ್ಕೊಂಡಿದೀನಿ. ನಿನ್ನ ಕೇಳಕ್ಕಾಗ್ಲಿಲ್ಲ, ನೀನು ಅಳ್ತೀಯ ಅಂತ. ಡಾಕ್ಟ್ರುಗಳನ್ನ ಕೇಳಿದ್ರೆ ಕಾಗದ ತೋರಿಸ್ತಾರೆ. ಆ ಹೆಂಗಸನ್ನ ಕೇಳ್ದೆ. ಹೋದವರ ಕತೇನೂ ಹೇಳಿದ್ರು, ಉಳಿದವರ ಕತೇನೂ ಹೇಳಿದ್ರು. ಎರಡೂ ನನ್ನ ಮುಂದೆ ಇಟ್ರು. ಆರಿಸ್ಕೊಂಡಿದ್ದು ನಾನು."

"ಉಳಿದವರ ಕತೆ ನೀನು ನನಗೆ ಹೇಳಲೇ ಇಲ್ಲ," ಎಂದಳು ಮಗಳು.

"ಹೇಳಿದ್ರೆ ನೀನು ಅದನ್ನೇ ಹಿಡ್ಕೊಂಡು ಕೂರ್ತಿದ್ದೆ." ಅವನು ನನ್ನ ಕಡೆ ಕೈ ತೋರಿಸಿದ. "ಈ ಡಾಕ್ಟ್ರೂ ಇಲ್ಲೇ ಇದ್ರು. ಬೇಕಾದ್ರೆ ಕೇಳು."

ಮಗಳು ನನ್ನ ಕಡೆ ತಿರುಗಿದಳು. ನನ್ನ ಹೇಳಿಕೆಯ ಪ್ರತಿ ಅವಳಿಗೂ ಹೋಗಿತ್ತು. ನಾನು ಹೌದು ಎಂದು ತಲೆಯಾಡಿಸಿದೆ. ಅವಳು ನನ್ನ ಬ್ಯಾಡ್ಜಿನ ಹೆಸರು ಓದಿ ಅಪ್ಪನ ಕಡೆ ತಿರುಗಿಕೊಂಡಳು. ಬೈಗುಳಕ್ಕಿಂತ ಅದು ಕಷ್ಟವಾಗಿತ್ತು.

ಸೋಮವಾರ ಅವಳು ದೂರು ಹಿಂದೆಗೆದುಕೊಂಡಳು. ಡೊನಲ್ ಆ ಶನಿವಾರದ ನಂತರ ಯಂತ್ರಕ್ಕೆ ಬರಲಿಲ್ಲ. ಮನೆಯಲ್ಲೇ, ಮಗಳು ಪಕ್ಕದಲ್ಲಿರುವಾಗ, ಒಂಬತ್ತನೇ ದಿನ ತೀರಿಕೊಂಡ. ಕೊನೆಯ ವಾರ ಅವನು ಕೇಳಿದಷ್ಟು ಚಹಾ ಕೊಟ್ಟೆ ಎಂದು ಅವಳು ಆಮೇಲೆ ಹೇಳಿದಳು.

ಅಕ್ಕ ರೋಗಿಗಳ ಕೆಲಸಕ್ಕೆ ಮರಳಿದ ದಿನ ನಾನು ಬೇಗ ಹೋಗಿ ಕಾದೆ. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡಿದ್ದೆ. ಅವರು ಕೋಟು ತೂಗುಹಾಕುತ್ತ, ನಾನು ಬಾಯಿ ತೆರೆಯುವ ಮುಂಚೆಯೇ, "ನಿನ್ನ ಸ್ಟೇಟ್‌ಮೆಂಟ್ ಕೊಟ್ಟಿದ್ರು, ಓದ್ದೆ ಕಣೇ" ಎಂದರು. "ಇಂಗ್ಲಿಷು ಚೆನ್ನಾಗಿತ್ತು."

ವ್ಯಂಗ್ಯ ಅವರ ಸ್ವಭಾವವಲ್ಲ. ಆದ್ದರಿಂದ ಅದು ವ್ಯಂಗ್ಯವೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಮಧ್ಯಾಹ್ನ ಎಂದಿನಂತೆ ಡಬ್ಬಿಯಲ್ಲಿ ಅರ್ಧ ನನಗಿಟ್ಟರು. ನಾನು ತಿಂದೆ. ನನಗೆ ತರಬೇತಿಯ ಸ್ಥಾನವೂ ಸಿಕ್ಕಿತು. ಅವರೇ ಮೊದಲು ಶುಭಾಶಯ ಹೇಳಿದರು.

ಆದರೆ ಆಮೇಲೆ ಅವರು ಕತೆ ಹೇಳಲಿಲ್ಲ. ಹೊಸ ರೋಗಿಗಳು ಯಾರಾದರೂ, "ನೀವು ಮರುಭೂಮೀಲಿ ಇದ್ರಂತೆ, ಹೇಗಿತ್ತು?" ಎಂದರೆ, "ಸೆಕೆ ಜಾಸ್ತಿ" ಎಂದಷ್ಟೇ ಹೇಳಿ ಅಂಕಿ ಬರೆದುಕೊಳ್ಳುತ್ತಿದ್ದರು. ಕೇಳಿದವರಿಗೆ ಅದರಲ್ಲಿ ಕೊರತೆ ಕಾಣುತ್ತಿರಲಿಲ್ಲ, ಅವರಿಗೆ ಮೊದಲಿನದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕು ಗಂಟೆ ಎಲ್ಲರೂ ಗೋಡೆಯ ಟಿವಿಯನ್ನು ನೋಡುತ್ತಿದ್ದರು.

ವಸಂತದಲ್ಲಿ ಡೊನಲ್‌ನ ಮಗಳು ಬಂದಳು. ಅಪ್ಪನ ಮನೆ ಖಾಲಿ ಮಾಡಿ, ನಾಯಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ದಕ್ಷಿಣಕ್ಕೆ ಹೊರಟಿದ್ದಳು. ಸ್ಟಾಫ್ ರೂಮಿನಲ್ಲಿ ಅಕ್ಕನೂ ನಾನೂ ಇದ್ದೆವು. ಅವಳು ಬಾಗಿಲಲ್ಲೇ ನಿಂತು ಅಕ್ಕನಿಗೆ, "ನಾನು ನಿಮಗೆ ಮಾಡಿದ್ದು ತಪ್ಪು" ಎಂದಳು. ಅಷ್ಟು ನೇರವಾಗಿ. ನಾನು ಎರಡು ವಾರ ಜೋಡಿಸಿಕೊಂಡೂ ಹೇಳಲಾಗದ್ದು.

"ಅಪ್ಪ ಅಲ್ವಾ," ಎಂದರು ಅಕ್ಕ. "ಬನ್ನಿ, ಕೂತ್ಕೊಳಿ." ಚಹಾ ಮಾಡಿ ಕೊಟ್ಟರು. ತಾವೂ ಕೂತರು.

ದಾರಿಯ ಬಗ್ಗೆ, ನಾಯಿಯ ಬಗ್ಗೆ ಮಾತಾಯಿತು. ಆಮೇಲೆ ಅವಳು ಕಪ್ಪು ಕೆಳಗಿಟ್ಟು ಕೇಳಿದಳು, "ಅಲ್ಲಿಯ ಜನ ಏನಂತಿದ್ರು ಅಂತ ಅಪ್ಪ ಎಲ್ಲಾ ಹೇಳ್ತಿದ್ರು. ಟ್ಯಾಂಕರಿನವನು, ಅಂಗಡಿಯವನು, ಎಲ್ಲರದೂ. ನಿಮ್ಮದು ಹೇಳಲೇ ಇಲ್ಲ. ನಿಮಗೆ ಹೇಗಿತ್ತು?"

ಇಷ್ಟು ದಿನ ಪಕ್ಕದಲ್ಲಿದ್ದು ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ಅಕ್ಕ ಬೆರಳುಗಳಿಂದ ಕಣ್ಣು ಒತ್ತಿಕೊಂಡರು. "ನನಗಾ?" ಎಂದರು. "ನನಗೆ ಸುಸ್ತು. ಬೆಳಿಗ್ಗೆ ಕೆಲಸ, ಮಧ್ಯಾಹ್ನ ಮಗು, ಆಮೇಲೆ ಅವರ ಕಾಯಿಲೆ. ಹತ್ತೊಂಬತ್ತು ವರ್ಷ ಸುಸ್ತಾಗೇ ಇದ್ದೆ. ಊರು ಹೇಗಿದೆ ಅಂತ ತಲೆ ಎತ್ತಿ ನೋಡಕ್ಕೆ ಪುರುಸೊತ್ತೇ ಆಗ್ಲಿಲ್ಲ. ಅದಕ್ಕೇ ಬಂದೋರನ್ನೆಲ್ಲ ಕೇಳ್ತಿದ್ದೆ."

ಮಗಳು ತಲೆಯಾಡಿಸಿದಳು. ಅವಳ ಮುಂದೆ ಇನ್ನೂ ಮೂರು ಗಂಟೆಯ ದಾರಿ ಇತ್ತು. ಆದರೂ ಹೊರಡುವ ಅವಸರ ತೋರಿಸಲಿಲ್ಲ. ಅಕ್ಕ ಅವಳ ಕಪ್ಪಿಗೆ ಇನ್ನಷ್ಟು ಚಹಾ ಸುರಿದು ಮತ್ತೆ ಕೂತರು. ನಾನು ಎದ್ದು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.